ನೀರಿನ ಅಂಚಿನಲ್ಲಿ ಹಕ್ಕಿಗಳು

ಪಕ್ಷಿವೀಕ್ಷಣೆಯೆಂದರೆ ಬೆಲೆಬಾಳುವ ದುರ್ಬೀನು, ದಪ್ಪನೆಯ ಇಂಗ್ಲಿಷ್ ಗ್ರಂಥ, ದೂರದ ಕಾಡು, ಈ ಮೂರೂ ಒದಗಿದವರಿಗೆ ಮಾತ್ರ ಸಾಧ್ಯವಾದ ಹವ್ಯಾಸವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬೇರೂರಿರುವುದು. ತುಮಕೂರಿನ ಅಮಾನಿಕೆರೆಯ ಉದ್ಯಾನದಲ್ಲಿ ಬೆಳಗಿನ ಹೊತ್ತು ತಿರುಗಾಡುವ ಮಿತ್ರರನ್ನು ಇಂದು ಯಾವ ಹಕ್ಕಿಯನ್ನು ಕಂಡಿರೆಂದು ಕೇಳಿದರೆ, ಕಾಗೆ, ಕೊಕ್ಕರೆ ಎಂಬ ಎರಡು ಮಾತಿನಲ್ಲಿ ಉತ್ತರ ಮುಗಿಯುವುದುಂಟು. ನಾವೂ ಬಹುಕಾಲ ಈ ಗುಂಪಿಗೇ ಸೇರಿದ್ದೆವು. ಬಣ್ಣವನ್ನು ನೋಡಿ ಪುಸ್ತಕದಲ್ಲಿ ಹೆಸರನ್ನು ಹುಡುಕಿ ಸೋತ ನಮಗೆ ಬೇರೊಂದು ದಾರಿಯನ್ನು ತೋರಿಸಿದುದು ಮಾರ್ಕೋನಹಳ್ಳಿಯ ಜಲಾಶಯ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಗೆ ಕುಣಿಗಲ್ ತಾಲ್ಲೂಕಿನ ಈ ಸ್ಥಳದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ ಕಟ್ಟೆಯನ್ನು ಕಟ್ಟಲಾಯಿತು. ನಡುವೆ 139 ಮೀಟರು ಉದ್ದದ ಕಲ್ಲಿನ ಕಟ್ಟಡ, ಅದರ ಎರಡು ಪಕ್ಕಗಳಲ್ಲೂ ಮಣ್ಣಿನ ಏರಿ. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲೆತ್ತಬೇಕಾಗಿಲ್ಲದೆ ಹೆಚ್ಚಿನ ನೀರನ್ನು ತಾನಾಗಿಯೇ ಸೆಳೆದು ಹೊರಹಾಕುವ ಸೈಫನ್ನುಗಳ ಏರ್ಪಾಡು ಇದರ ವಿಶೇಷ. ಇದನ್ನು ನೋಡಲೆಂದೇ ಒಂದು ಚಳಿಗಾಲದ ಮುಂಜಾನೆ ನಾವು ಅಲ್ಲಿಗೆ ಹೋಗಿದ್ದೆವು.

ನೀರಿನಲ್ಲಿದ್ದ ಒಂದು ಮರದ ಮೋಟಿನ ಮೇಲೆ ಕರಿಯ ಹಕ್ಕಿಯೊಂದು ರೆಕ್ಕೆಗಳೆರಡನ್ನೂ ಅಗಲಿಸಿಕೊಂಡು ಕದಲದೆ ಕುಳಿತಿದ್ದಿತು. ಗಾಯಗೊಂಡಿರಬೇಕೆಂದು ನಾವು ಮರುಗಿದೆವು. ಬಲೆಯನ್ನು ಬಿಡಿಸುತ್ತಿದ್ದ ಬೆಸ್ತರ ಮುದುಕನೊಬ್ಬನು ನಕ್ಕು, "ಅದಕ್ಕೇನೂ ಆಗಿಲ್ಲ ಸ್ವಾಮಿ, ನೀರುಕಾಗೆ. ಮುಳುಗಿ ಬಂದದೆ, ರೆಕ್ಕೆ ಒಣಗಿಸ್ಕೊಂತದೆ. ಯಾವ ಹಕ್ಕಿ ಎಷ್ಟು ನೀರಿನಾಗೆ ನಿಂತದೆ ಅಂತ ನೋಡ್ಕೊಳ್ಳಿ, ಹೆಸರು ಆಮೇಲೆ ಕೇಳಿ" ಎಂದನು. ಕಾಲೇಜಿನಲ್ಲಿ ಪಾಠ ಹೇಳುವ ನಮಗೆ ಅಂದು ಪಾಠವಾಯಿತು.

ಆ ಮಾತನ್ನು ಹಿಡಿದು ನೋಡಿದರೆ, ಹಕ್ಕಿಗಳ ಗೊಂದಲವೆಲ್ಲ ಒಂದು ಕ್ರಮಕ್ಕೆ ಬರುವುದು. ಒಣ ದಡದ ಮೇಲೆ ಟಿಟ್ಟಿಭ. ಒದ್ದೆಯ ಕೆಸರಿನಲ್ಲಿ ಓಡಾಡುತ್ತ ಹುಳುಗಳನ್ನು ಹೆಕ್ಕುವುದು ಗದ್ದೆಗೊರವ. ಕಾಲು ಮುಳುಗುವಷ್ಟು ನೀರಿನಲ್ಲಿ ಬೆಳ್ಳಕ್ಕಿ. ಕೆಂಪು ಕಡ್ಡಿಗಳಂತಹ ನೀಳವಾದ ಕಾಲುಗಳಿರುವುದರಿಂದ ಮೆಟ್ಟುಗಾಲು ಹಕ್ಕಿಯು ತನ್ನ ಗಾತ್ರದ ಇತರ ಹಕ್ಕಿಗಳಿಗಿಂತ ಮುಂದಕ್ಕೆ ಹೋಗಬಲ್ಲುದು. ಇನ್ನಷ್ಟು ಆಳದಲ್ಲಿ ಬಣ್ಣದ ಕೊಕ್ಕರೆಯು ಅರೆತೆರೆದ ಕೊಕ್ಕನ್ನು ನೀರಿನೊಳಗಿಟ್ಟು ತಡಕುತ್ತ ನಡೆಯುವುದು. ಕಲಕಿದ ನೀರಿನಲ್ಲಿ ಅದಕ್ಕೆ ಕಣ್ಣಿನ ಸಹಾಯ ಬೇಕಾಗಿಲ್ಲ, ಮೀನು ತಗುಲಿದ ಕ್ಷಣದಲ್ಲಿ ಕೊಕ್ಕು ಮುಚ್ಚಿಕೊಳ್ಳುವುದು. ಕಾಲು ನೆಲಕ್ಕೆ ನಿಲುಕದ ಕಡೆಯಲ್ಲಿ ಹೆಜ್ಜಾರ್ಲೆಯು ತೇಲುತ್ತ ಕೊಕ್ಕಿನ ಚೀಲದಿಂದ ಮೀನನ್ನು ಮೊಗೆಯುವುದು, ನೀರುಕಾಗೆಯು ಮುಳುಗಿ ಬೆನ್ನಟ್ಟುವುದು. ನೀರುಕಾಗೆಯ ಗರಿ ನೀರನ್ನು ಹೀರುವುದರಿಂದಲೇ ಮುಳುಗುವುದು ಸುಲಭವಾಗಿಯೂ, ಬಳಿಕ ಬಿಸಿಲು ಕಾಯುವುದು ಅವಶ್ಯವಾಗಿಯೂ ಇರುವುದು.

ಮಳೆಗಾಲದ ಕೊನೆಗೆ ಜಲಾಶಯವು ತುಂಬಿ ನಿಂತಾಗ ದಡದ ಹಕ್ಕಿಗಳಿಗೆ ಎಡೆಯಿರುವುದಿಲ್ಲ. ನಾಲೆಗಳಲ್ಲಿ ನೀರು ಹರಿದು ಮಟ್ಟವು ಇಳಿಯತೊಡಗಿದಂತೆ ಅಂಚಿನ ಕೆಸರು ದಿನಕ್ಕಿಷ್ಟರಂತೆ ಹೊಸದಾಗಿ ತೆರೆದುಕೊಳ್ಳುವುದು. ಉತ್ತರದ ದೇಶಗಳಿಂದ ಗೊರವಗಳು ಬಂದು ತಂಗುವುದೂ ಈ ತಿಂಗಳುಗಳಲ್ಲಿಯೇ. ಇಳಿಯುವ ನೀರು ದಿನದಿನವೂ ಅವುಗಳಿಗೆ ಎಲೆ ಹಾಸಿ ಬಡಿಸುತ್ತದೆಯೆಂದರೆ ತಪ್ಪಾಗಲಾರದು.

ಇದೇ ಶಿಂಷಾ ನದಿಯ ಕೆಳಗಣ ಪಾತ್ರಕ್ಕೆ ಸಮೀಪವಾಗಿ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿರುವುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಣ ಹುಣಿಸೆಯ ಮರಗಳ ಮೇಲೆಯೇ ಗೂಡುಕಟ್ಟಿ ಮರಿಮಾಡುವುವು. ಊರ ಜನರು ಅವುಗಳನ್ನು ಮನೆಯ ಮಕ್ಕಳಂತೆ ಕಂಡು ಬಂದಿರುವರು. 2007ರಲ್ಲಿ ಸರ್ಕಾರವು ಆ ಊರನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಆದರೆ ಮರವು ಗೂಡಿಗೆ ಆಧಾರವೇ ಹೊರತು ಆಹಾರವಲ್ಲ. ಮರಿಗಳ ಬಾಯಿಗೆ ಬೀಳುವ ಮೀನು ಸುತ್ತಣ ಕೆರೆಗಳಿಂದಲೂ ಹೊಳೆಯಿಂದಲೂ ಬರತಕ್ಕದ್ದು. ಆದುದರಿಂದ ಒಂದು ಊರಿನ ಹಕ್ಕಿಗಳ ಕ್ಷೇಮವು ಇನ್ನೊಂದು ಊರಿನ ಕೆರೆಯ ಅಂಚನ್ನು ಅವಲಂಬಿಸಿರುವುದು.

ಈ ಅಂಚನ್ನೇ ನಾವು ನಗರಗಳಲ್ಲಿ ಕಳೆದುಕೊಳ್ಳುತ್ತಿದ್ದೇವೆ. ಕೆರೆಯನ್ನು ಅಂದಗೊಳಿಸುವ ಉತ್ಸಾಹದಿಂದ ಅದನ್ನು ಬೋಗುಣಿಯಂತೆ ಅಗೆದು, ಸುತ್ತಲೂ ಕಲ್ಲುಗೋಡೆಯನ್ನೆಬ್ಬಿಸಿ, ಅದರ ಮೇಲೆ ಕಾಲುದಾರಿಯನ್ನು ಮಾಡುವುದು ಈಚೆಗೆ ಅನೇಕ ಕಡೆಗಳಲ್ಲಿ ನಡೆದಿರುವುದು. ನಮಗೆ ನಡೆಯಲು ಸುಖವಾಯಿತು, ನಿಜ. ಆದರೆ ಗೋಡೆಯ ಬುಡದಲ್ಲೇ ಆಳುದ್ದ ನೀರು ನಿಂತರೆ ಗೊರವ ಎಲ್ಲಿ ಓಡಾಡಬೇಕು, ಬೆಳ್ಳಕ್ಕಿ ಎಲ್ಲಿ ಕಾಲೂರಬೇಕು? ಈಜುವ, ಮುಳುಗುವ ಹಕ್ಕಿಗಳುಳಿದು ನಡೆಯುವ ಹಕ್ಕಿಗಳು ಮಾಯವಾಗುವುವು.

ಮನುಷ್ಯನ ಕಟ್ಟಡವೇ ಹಕ್ಕಿಗೆ ಶತ್ರುವೆಂದು ನಾವು ಹೇಳುವವರಲ್ಲ. 1940ರಲ್ಲಿ ಪಕ್ಷಿಧಾಮವೆನಿಸಿದ ರಂಗನತಿಟ್ಟಿನ ನಡುಗಡ್ಡೆಗಳು ಕಾವೇರಿಗೆ ಹಿಂದಿನ ಅರಸರು ಕಟ್ಟಿಸಿದ ಅಣೆಯಿಂದಲೇ ಉಂಟಾದುವು. ಮಾರ್ಕೋನಹಳ್ಳಿಯೂ ಮನುಷ್ಯನ ಕೈಕೆಲಸವೇ. ಅಲ್ಲಿ ದಡವು ಮೆಲ್ಲಗೆ ಇಳಿದು ನೀರನ್ನು ಸೇರುವುದು, ಅಷ್ಟೇ ವ್ಯತ್ಯಾಸ.

ಶ್ರೋತೃಗಳು ನಾಳೆ ಬೆಳಗ್ಗೆ ತಮ್ಮ ಸಮೀಪದ ಕೆರೆಯ ಬಳಿ ಹದಿನೈದು ನಿಮಿಷ ನಿಲ್ಲಲಿ. ಯಾವ ಹಕ್ಕಿ ಎಷ್ಟು ಆಳದಲ್ಲಿದೆಯೆಂಬುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಆ ಕೆರೆಯ ಸುಧಾರಣೆಯ ಮಾತು ಊರಿನಲ್ಲಿ ಎದ್ದ ದಿನ, ಒಂದು ಮಗ್ಗುಲನ್ನಾದರೂ ಗೋಡೆಯಿಲ್ಲದೆ, ಇಳಿಜಾರಾಗಿ, ಕೆಸರಾಗಿಯೇ ಬಿಡಿರೆಂದು ಕೇಳಲು ಆ ಚೀಟಿಯೇ ಸಾಕ್ಷಿಯಾದೀತು.