ಮುಳ್ಳಿನ ಸೀಮೆಯಲ್ಲಿ ಸೈಕಲ್: ಸೀಲೆಂಟ್ ಮತ್ತು ವಾಲ್

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಸೈಕಲ್ಲಿನ ಗಾಳಿ ಇಳಿಯಿತೆಂದರೆ ಮೊದಲ ಅನುಮಾನ ಜಾಲಿಮುಳ್ಳಿನ ಮೇಲೆ. ಅಮೆರಿಕ ಖಂಡದ ಒಣನೆಲದಿಂದ ಬಂದು, 1877ರ ಸುಮಾರಿಗೆ ಭಾರತದಲ್ಲಿ ಬಿತ್ತನೆಯಾದ ಬಳ್ಳಾರಿ ಜಾಲಿ ಇಂದು ಕಾಲುವೆಯ ದಂಡೆ, ಹಳ್ಳದ ದಡ, ಬೀಳುಬಿಟ್ಟ ಹೊಲಗಳನ್ನು ಹಿಡಿದು ಕೂತಿದೆ. ಅದನ್ನು ಕಡಿದು ಹೊಲಕ್ಕೆ ಬೇಲಿ ಹಚ್ಚುತ್ತಾರೆ, ಒಲೆಗೆ ಒಯ್ಯುತ್ತಾರೆ. ಬಂಡಿ, ಟ್ರ್ಯಾಕ್ಟರ್ ಹೋದ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಸಾಲದ್ದಕ್ಕೆ ನೆಗ್ಗಿಲು. ಹಳದಿ ಹೂವಿನ, ನೆಲಕ್ಕೆ ಹಬ್ಬುವ ಈ ಗಿಡದ ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲೆದ್ದೇ ಇರುತ್ತದೆ. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ 8ನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳು ಓಡಿದ್ದು ಇಂಥ ದಾರಿಗಳಲ್ಲೇ.

ಪಂಚರ್ ಸೀಲೆಂಟ್ ಹುಟ್ಟಿರುವುದೇ ಇಂಥ ಸಣ್ಣ ತೂತುಗಳಿಗಾಗಿ. ಎಕ್ಕೆಗಿಡದ ಎಲೆ ಮುರಿದರೆ ಹಾಲು ಒಸರಿ, ಗಾಳಿಗೆ ಗಟ್ಟಿಯಾಗಿ ಗಾಯ ಮುಚ್ಚುತ್ತದಲ್ಲ, ರಬ್ಬರ್ ಹಾಲಿನಿಂದ ಮಾಡಿದ ಸೀಲೆಂಟಿನ ಕೆಲಸವೂ ಅದೇ ಬಗೆಯದು. ಚಕ್ರ ತಿರುಗುವಾಗ ದ್ರವ ಟ್ಯೂಬಿನ ಹೊರಮೈಯ ಒಳಪದರಕ್ಕೆ ಹರಡಿಕೊಳ್ಳುತ್ತದೆ. ಮುಳ್ಳು ಚುಚ್ಚಿದಲ್ಲಿ ಹೊರನುಗ್ಗುವ ಗಾಳಿ ಅದನ್ನು ತೂತಿಗೆ ಎಳೆದು ತರುತ್ತದೆ, ಅದು ಅಲ್ಲೇ ಹೆಪ್ಪುಗಟ್ಟುತ್ತದೆ. ಇನ್ನೊಂದು ಜಾತಿಯದು ಗ್ಲೈಕಾಲ್ ದ್ರವದಲ್ಲಿ ಸಣ್ಣ ನಾರು ಬೆರೆಸಿದ್ದು. ಅದು ಗಟ್ಟಿಯಾಗುವುದಿಲ್ಲ, ನಾರು ತೂತಿಗೆ ಸಿಕ್ಕಿಕೊಂಡು ಬೆಣೆಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಭಾಗದಲ್ಲಿ ರಬ್ಬರ್ ಹಾಲು ಕೆಲವೇ ತಿಂಗಳಲ್ಲಿ ಒಣಗಿ ಉಂಡೆಯಾಗುತ್ತದೆ. ಟ್ಯೂಬ್ ಇರುವ ಸಾದಾ ಸೈಕಲ್ಲಿಗೆ ನಾರಿನದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಆದರೆ ಸೀಲೆಂಟಿಗೆ ಆಗದ ಕೆಲಸಗಳೂ ಇವೆ. ಜಾಲಿಮುಳ್ಳು ಎರಡು ಮೂರು ಸೆಂಟಿಮೀಟರ್ ಉದ್ದ ಇರುವುದು ಸಾಮಾನ್ಯ. ಗಾಳಿ ಕಮ್ಮಿಯಿದ್ದಾಗ ಅದು ಟ್ಯೂಬಿನ ಎರಡೂ ಮೈ ದಾಟಿ ರಿಮ್ಮಿನ ಕಡೆಗೂ ತೂತು ಮಾಡುತ್ತದೆ. ಅಲ್ಲಿಗೆ ದ್ರವ ಸರಿಯಾಗಿ ತಲುಪದು. ಗುಂಡಿಗೆ ಬಿದ್ದು ರಿಮ್ಮಿನ ಅಂಚು ಕಚ್ಚಿದ ಜೋಡಿ ಸೀಳು ಮುಚ್ಚದು. ಮುರಿದ ಮುಳ್ಳಿನ ತುದಿ ಟೈರಿನಲ್ಲೇ ಉಳಿದಿದ್ದರಂತೂ ಅದು ದಿನವೂ ತಿವಿಯುತ್ತಲೇ ಇರುತ್ತದೆ. ಟೈರಿನ ಒಳಗೆ ಹತ್ತಿಯ ಅರಳೆ ಆಡಿಸಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಹತ್ತಿ ಬೆಳೆಯುವ ಸೀಮೆಯಲ್ಲಿ ಅರಳೆಗೇನು ಬರ!

ಇನ್ನು ವಾಲ್. ಗಾಳಿ ಇಳಿದ ಎಷ್ಟೋ ಸೈಕಲ್ಲುಗಳ ಟ್ಯೂಬಿಗೆ ಏನೂ ಆಗಿರುವುದಿಲ್ಲ, ಎಲ್ಲ ಕಿತಾಪತಿ ವಾಲಿನದು. 1888ರಲ್ಲಿ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ವುಡ್ಸ್ ಎಂಬಾತ ರೂಪಿಸಿದ ವಾಲ್ ನಮ್ಮ ಕರಿ ಸೈಕಲ್ಲುಗಳಲ್ಲಿ ಈಗಲೂ ಇದೆ. ಒಂದು ಲೋಹದ ಕಡ್ಡಿ, ಅದರ ಪಕ್ಕದಲ್ಲೊಂದು ಸಣ್ಣ ತೂತು, ತೂತಿನ ಮೇಲೆ ತೊಡಿಸಿದ ತೆಳು ರಬ್ಬರ್ ಕೊಳವೆ. ಅಷ್ಟೇ. ಅಂಗಡಿಯಲ್ಲಿ ಈ ರಬ್ಬರ್ ಕೊಳವೆಯನ್ನೇ ವಾಲ್‌ಟ್ಯೂಬ್ ಎನ್ನುತ್ತಾರೆ. ಪಂಪಿನ ಗಾಳಿ ರಬ್ಬರನ್ನು ಉಬ್ಬಿಸಿ ಒಳಹೋಗುತ್ತದೆ, ಒಳಗಿನ ಒತ್ತಡ ಅದೇ ರಬ್ಬರನ್ನು ತೂತಿಗೆ ಒತ್ತಿ ಬಾಗಿಲು ಹಾಕುತ್ತದೆ. ಗಾಳಿ ಹೊಡೆಯಲು ಅಷ್ಟು ಕಷ್ಟವಾಗುವುದು ಪ್ರತಿ ಸಲ ರಬ್ಬರನ್ನು ಹಿಗ್ಗಿಸಬೇಕಾದ್ದರಿಂದ.

ರಬ್ಬರ್ ಬಿಸಿಲಿಗೆ ಬಿರುಕುಬಿಡುತ್ತದೆ, ಎಣ್ಣೆ ತಾಗಿದರೆ ಉಬ್ಬಿ ಸಡಿಲಾಗುತ್ತದೆ. ಚೈನಿಗೆ ಎಣ್ಣೆ ಬಿಡುವ ಹುರುಪಿನಲ್ಲಿ ವಾಲಿಗೂ ಒಂದು ಹನಿ ಬಿಡುವವರಿದ್ದಾರೆ, ಅದು ಬೇಡವೇ ಬೇಡ. ವಾಲ್ ಸೋರುತ್ತಿದೆಯೇ ಎಂದು ನೋಡಲು ಬೆರಳಿನ ತುದಿಯ ಎಂಜಲು ಸಾಕು; ಗುಳ್ಳೆ ಎದ್ದರೆ ಟ್ಯೂಬ್ ಬಿಚ್ಚುವ ಗೋಜಿಲ್ಲ, ವಾಲ್‌ಟ್ಯೂಬ್ ಬದಲಿಸಿದರೆ ಆಯಿತು. ಹೊಸದನ್ನು ನೀರಿನಲ್ಲಿ ಅದ್ದಿ, ತೂತು ಪೂರ್ತಿ ಮುಚ್ಚುವಂತೆ ಮೇಲಿನ ದಪ್ಪಭಾಗದವರೆಗೆ ಏರಿಸಬೇಕು. ವಾಲಿನ ಟೋಪಿ ಕಳೆದಿದ್ದರೆ ಇನ್ನೊಂದು ಹಾಕಿ. ಇಲ್ಲಿನ ಎರೆಮಣ್ಣಿನ ಧೂಳು ಹಿಟ್ಟಿಗಿಂತ ನುಣುಪು, ಸಂದಿಯಿದ್ದಲ್ಲೆಲ್ಲ ಹೊಗುತ್ತದೆ. ವಾಲ್ ಓರೆಯಾಗಿ ನಿಂತಿದ್ದರೆ ಅದು ಎಚ್ಚರಿಕೆ: ಕಮ್ಮಿ ಗಾಳಿಯಲ್ಲಿ ಓಡಿಸಿ ಟ್ಯೂಬ್ ಒಳಗೇ ಜರುಗಿದೆ, ಹಾಗೇ ಬಿಟ್ಟರೆ ಬುಡ ಹರಿಯುತ್ತದೆ. ಬುಡ ಹರಿದ ಟ್ಯೂಬಿಗೆ ಸೀಲೆಂಟೂ ಇಲ್ಲ, ತೇಪೆಯೂ ಇಲ್ಲ.

ಈ ವಾಲಿನ ದೊಡ್ಡ ಅನುಕೂಲವೆಂದರೆ ಕಡ್ಡಿ ಇಡಿಯಾಗಿ ಹೊರಬರುತ್ತದೆ, ಸೀಲೆಂಟ್ ಸುರಿಯಲು ದಾರಿ ಅಗಲ. ಒಂದು ಟ್ಯೂಬಿಗೆ ಸುಮಾರು 120 ಮಿಲಿಲೀಟರ್ ಸಾಕು. ಬಾಟಲಿ ಚೆನ್ನಾಗಿ ಕುಲುಕಿ ಸುರಿಯಿರಿ, ಇಲ್ಲವಾದರೆ ನಾರು ತಳದಲ್ಲೇ ಉಳಿಯುತ್ತದೆ. ಸುರಿದ ಮೇಲೆ ವಾಲ್ ಮೇಲೆ ಬರುವಂತೆ ಚಕ್ರ ತಿರುಗಿಸಿ, ಕಡ್ಡಿ ಕೂರುವ ಕೊಳವೆಗೆ ಅಂಟಿದ್ದು ಒಳಗಿಳಿಯುವವರೆಗೆ ತಾಳಿ. ಆಮೇಲೆ ಕೊಳವೆಯನ್ನು ಒಳಗಿನಿಂದ ಒರೆಸಿ ಕಡ್ಡಿ ಹಾಕಿ, ಗಾಳಿ ಹೊಡೆದು, ತಕ್ಷಣ ಎರಡು ಮೂರು ಕಿಲೋಮೀಟರ್ ಓಡಿಸಿ. ಮುಂದೆ ಗಾಳಿ ಹೊಡೆಯುವಾಗಲೆಲ್ಲ ವಾಲ್ ಕೆಳತುದಿಯಲ್ಲಿ ಇರಕೂಡದು. ತಳದಲ್ಲಿ ನಿಂತ ದ್ರವ ವಾಲಿನೊಳಗೆ ಏರಿ ಸಣ್ಣ ತೂತಿಗೆ ಅಂಟಿಕೊಂಡರೆ ಪಂಪು ಎಷ್ಟು ಒತ್ತಿದರೂ ಗಾಳಿ ಹೋಗದು. ಗೇರ್ ಸೈಕಲ್ಲಿನಲ್ಲಿರುವ, ಮೋಟರ್‌ಬೈಕಿನಂಥ ವಾಲಾದರೆ ನಡುವಿನ ಪಿನ್ನನ್ನು ಅದರದೇ ಸಾಧನದಿಂದ ಬಿಚ್ಚಬೇಕು, ಅಂಟಿದರೆ ಪಿನ್ನನ್ನೇ ಬದಲಿಸಬೇಕು. ನಮ್ಮ ಹಳೆಯ ವಾಲಿನಲ್ಲಿ ಕಡ್ಡಿ ತೊಳೆದು ಹೊಸ ರಬ್ಬರ್ ತೊಡಿಸಿದರೆ ಮುಗಿಯಿತು. ಸೀಲೆಂಟ್ ಹಾಕಿದವರು ಒಂದೆರಡು ವಾಲ್‌ಟ್ಯೂಬ್ ತುಂಡು ಜೇಬಿನಲ್ಲಿಟ್ಟುಕೊಳ್ಳಲಿ.

ದಾರಿಯಲ್ಲಿ ಮುಳ್ಳು ಕಂಡರೆ ಕಿತ್ತು, ಆ ಜಾಗ ನೆಲದ ಕಡೆ ಬರುವಂತೆ ಚಕ್ರ ನಿಲ್ಲಿಸಿ, ಸೋರಿಕೆ ನಿಂತ ಮೇಲೆ ಗಾಳಿ ಹೊಡೆದು ಹೊರಡಿ. ದೊಡ್ಡ ತೂತಾಗಿ ತೇಪೆಯೇ ಬೇಕಾದರೆ, ಒಳಗೆ ಸೀಲೆಂಟ್ ಇದೆಯೆಂದು ಪಂಚರ್ ಅಂಗಡಿಯವರಿಗೆ ಮೊದಲೇ ಹೇಳಿ. ಒದ್ದೆ ಮೈಗೆ ಸೊಲ್ಯೂಷನ್ ಹಿಡಿಯುವುದಿಲ್ಲ, ತೂತಿನ ಸುತ್ತ ಒರೆಸಿ ಒಣಗಿಸಿಯೇ ಉಜ್ಜಬೇಕು.