ಸಾರಣೆಗೆ ಮುನ್ನ ನೋಡಬೇಕಾದ ಕೆಲಸಗಳು: ಹೊಸ ಮನೆ ಕಟ್ಟುವ ನಮ್ಮ ಕುಟುಂಬಗಳಿಗೆ

ತುಲಾಮಾಸದ ಗುಡುಗುಮಳೆ ಕಳೆದೊಡನೆ ಮಂಜೇಶ್ವರದಿಂದ ಬದಿಯಡ್ಕದವರೆಗೆ ನಮ್ಮ ಊರುಗಳಲ್ಲಿ ಮನೆ ಕಟ್ಟುವ ಕೆಲಸ ಚುರುಕಾಗುತ್ತದೆ. ಕೆಂಪುಕಲ್ಲಿನ ಗೋಡೆ ಎದ್ದು, ತಾರಸಿಗೆ ಕಾಂಕ್ರೀಟು ಹಾಕಿ ಆಯಿತೆಂದರೆ ದೊಡ್ಡ ಕೆಲಸ ಮುಗಿಯಿತೆಂದು ನಾವು ನೆಮ್ಮದಿ ಪಡುತ್ತೇವೆ. ಆದರೆ ತಪ್ಪಿದರೆ ತಿದ್ದಲು ಅತಿ ಕಷ್ಟವಾದ ಕೆಲಸಗಳು ಆರಂಭವಾಗುವುದು ಆ ಬಳಿಕವೇ. ವಯರಿಂಗ್ ಪೈಪು, ನೀರಿನ ಪೈಪು, ಬಚ್ಚಲಿನ ನೀರುತಡೆ ಇವೆಲ್ಲ ಸಾರಣೆ ಮತ್ತು ಟೈಲ್ಸಿನ ಹಿಂದೆ ಮರೆಯಾಗುತ್ತವೆ. ಮನೆ ಒಕ್ಕಲಿನ ದಿನ ಬಂದವರು ನೋಡುವುದು ಬಣ್ಣವನ್ನು. ಮನೆಯವರು ಮುಂದಿನ 30 ವರ್ಷ ಅನುಭವಿಸುವುದು ಬಣ್ಣದ ಹಿಂದಿರುವುದನ್ನು.

ಮೊದಲು ತಾರಸಿಯ ವಿಚಾರ. ಫ್ಯಾನು, ದೀಪಗಳ ಪೈಪುಗಳನ್ನೂ ಪೆಟ್ಟಿಗೆಗಳನ್ನೂ ಕಾಂಕ್ರೀಟು ಹಾಕುವ ಮೊದಲೇ ಕಬ್ಬಿಣದ ಸರಳುಗಳ ನಡುವೆ ಇರಿಸಬೇಕು. ಆದುದರಿಂದ ಯಾವ ಕೋಣೆಯಲ್ಲಿ ಏನು ಎಂಬ ನಕ್ಷೆ ಸೆಂಟ್ರಿಂಗ್ ಹಂತದಲ್ಲಿಯೇ ಸಿದ್ಧವಿರಬೇಕು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ ಆದುದರಿಂದ ಚೀಲದ ಮೇಲಿನ ಅಕ್ಷರಗಳನ್ನು ಓದಿಕೊಳ್ಳುವುದು ಒಳ್ಳೆಯದು. ಅದೇ ಮಾನಕದಂತೆ 4.5 ಮೀಟರಿಗಿಂತ ಉದ್ದದ ತಾರಸಿಯ ಕೆಳಗಿನ ಊರುಗೋಲುಗಳನ್ನು 14 ದಿನಗಳ ಮೊದಲು ತೆಗೆಯಬಾರದು.

ಮುಂದಿನದು ಗೋಡೆ ಕೊರೆಯುವ ಕೆಲಸ. ನಮ್ಮ ಕೆಂಪುಕಲ್ಲು ಮೃದು. ಯಂತ್ರವಿಟ್ಟರೆ ಕ್ಷಣದಲ್ಲಿ ಸೀಳುತ್ತದೆ. ಈ ಸುಲಭವೇ ಅಪಾಯಕ್ಕೆ ದಾರಿ. ಲಂಬವಾಗಿ ಕೊರೆಯುವಾಗ ಗೋಡೆಯ ದಪ್ಪದ ಮೂರನೆಯ ಒಂದು ಭಾಗವನ್ನು, ಅಡ್ಡವಾಗಿ ಕೊರೆಯುವಾಗ ಆರನೆಯ ಒಂದು ಭಾಗವನ್ನು ಮೀರಬಾರದು ಎಂಬುದು ನಿಯಮ. ಅಂದರೆ 20 ಸೆಂಟಿಮೀಟರ್ ಗೋಡೆಯಲ್ಲಿ ಅಡ್ಡ ಕೊರೆತ ಸುಮಾರು 3 ಸೆಂಟಿಮೀಟರಿಗೆ ನಿಲ್ಲಬೇಕು. ಭಾರ ಹೊರುವ ಗೋಡೆಯನ್ನು ಉದ್ದಕ್ಕೂ ಅಡ್ಡವಾಗಿ ಕೊರೆದರೆ ಅದರ ಬಲ ಕುಂದುತ್ತದೆ. ಪೈಪು ಮೇಲಿನಿಂದ ನೇರವಾಗಿ ಕೆಳಗಿಳಿಯುವಂತೆ ಮಾಡುವುದೇ ಲೇಸು. ಹೀಗೆ ಮಾಡಿದರೆ ಮುಂದೆ ಮೊಳೆ ಹೊಡೆಯುವವರಿಗೂ ಪೈಪಿನ ಜಾಡು ತಿಳಿಯುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಉಳಿತಾಯದ ಯೋಚನೆ ಸಲ್ಲದು. ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರಿನ ತಂತಿ ಸಾಕು. ನೀರು ಕಾಯಿಸುವ ಹೀಟರಿನಂತಹ ಹೆಚ್ಚು ಭಾರದ ಉಪಕರಣಗಳಿಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆಸುವುದು ಸುರಕ್ಷಿತ. ಪ್ರತಿಯೊಂದು ಸಾಕೆಟ್ಟಿಗೂ ಹಸಿರು ಬಣ್ಣದ ಅರ್ತಿಂಗ್ ತಂತಿ ತಲಪಿದೆಯೇ ಎಂದು ನೋಡಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಗೋಡೆಗಳು ತಿಂಗಳುಗಟ್ಟಲೆ ಒದ್ದೆಯಾಗಿರುತ್ತವೆ. ಆದುದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅತ್ಯಗತ್ಯ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಇರುವ ವ್ಯತ್ಯಾಸವನ್ನು ಅದು ಅಳೆಯುತ್ತಿರುತ್ತದೆ. ಯಾರದಾದರೂ ದೇಹದ ಮೂಲಕ ವಿದ್ಯುತ್ತು ನೆಲಕ್ಕೆ ಹರಿದರೆ ಆ ವ್ಯತ್ಯಾಸವನ್ನು ಗುರುತಿಸಿ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಬೆಲೆಬಾಳುವ ವಸ್ತು ಬೇರೊಂದಿಲ್ಲ.

ನೀರಿನ ಪೈಪುಗಳನ್ನು ಸಾರಣೆಗೆ ಮೊದಲು ಪರೀಕ್ಷಿಸಲೇಬೇಕು. ತುದಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ನೀರಿನ ಒತ್ತಡ ಏರಿಸಿ, ಕೆಲವು ಗಂಟೆ ಹಾಗೆಯೇ ಬಿಡಬೇಕು. ಮಾಪಕದ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಶೌಚಾಲಯದ ಹೊರಪೈಪಿಗೆ ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇಳಿಜಾರು ಬೇಕು. ಬಚ್ಚಲಿನ ನೆಲಕ್ಕೆ ನೀರುತಡೆ ಲೇಪನವಾದ ಮೇಲೆ ಕೊಳವೆ ಮುಚ್ಚಿ 24ರಿಂದ 48 ಗಂಟೆ ನೀರು ಕಟ್ಟಿ ನಿಲ್ಲಿಸಬೇಕು. ಕೆಳಗೆ ಅಥವಾ ಪಕ್ಕದ ಗೋಡೆಯಲ್ಲಿ ತೇವ ಕಾಣದಿದ್ದರೆ ಮಾತ್ರ ಟೈಲ್ಸು ಹಾಕಿಸಬೇಕು. ಮಲಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರವಿರಬೇಕೆಂಬುದು ಕೇರಳದ ಕಟ್ಟಡ ನಿಯಮ. ನೀರು ಬೇಗ ಇಂಗುವ ಕೆಂಪುಕಲ್ಲಿನ ನೆಲದಲ್ಲಿ ಇನ್ನೂ ದೂರವಿದ್ದಷ್ಟು ಒಳಿತು.

ಇಷ್ಟಾದ ಮೇಲೆ ಸಾರಣೆ. ಒಳಗೋಡೆಗೆ ಸುಮಾರು 12 ಮಿಲಿಮೀಟರ್ ದಪ್ಪ ಸಾಕಾಗುತ್ತದೆ. ಕಾಂಕ್ರೀಟೂ ಕೆಂಪುಕಲ್ಲೂ ಕೂಡುವಲ್ಲಿ ಕೋಳಿಬಲೆ ಬಿಗಿಯದಿದ್ದರೆ ಅಲ್ಲಿ ಬಿರುಕು ಮೂಡುತ್ತದೆ. ಎರಡೂ ಬಿಸಿಲಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಸಾರಣೆ ಒಣಗಲು ಸುಮಾರು ನಾಲ್ಕು ವಾರ ಕೊಟ್ಟು, ಅನಂತರವೇ ಪುಟ್ಟಿ ಮತ್ತು ಪ್ರೈಮರ್ ಬಳಿಯಬೇಕು. ಒಕ್ಕಲಿನ ಮುಹೂರ್ತ ಹತ್ತಿರವಾಯಿತೆಂದು ಹಸಿಗೋಡೆಗೆ ಬಣ್ಣ ಬಳಿದರೆ ಮೊದಲ ಮಳೆಗಾಲದಲ್ಲಿಯೇ ಅದು ಗುಳ್ಳೆಯೆದ್ದು ಉದುರುತ್ತದೆ. ನೆಲದ ಟೈಲ್ಸು, ಬಾಗಿಲು, ಸ್ವಿಚ್ಚು ಇವೆಲ್ಲ ಮುಗಿದ ಮೇಲೆ ಕೊನೆಯ ಬಣ್ಣ ಬಳಿಯುವುದು ಸರಿಯಾದ ಕ್ರಮ. ಬಾಗಿಲಿಗೆ ನಮ್ಮ ಹಿತ್ತಿಲಿನ ಹಲಸು, ಹೆಬ್ಬಲಸು ಉತ್ತಮ ಮರಗಳೇ. ಆದರೆ ಚೆನ್ನಾಗಿ ಒಣಗಿರಬೇಕು.

ಇನ್ನು ಭಾಷೆಯ ಮಾತು. ಗುತ್ತಿಗೆದಾರರು ಕೊಡುವ ಕರಾರು ಸಾಮಾನ್ಯವಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮಲ್ಲಿ ಅನೇಕರು ಸಂಕೋಚದಿಂದ ಓದದೆಯೇ ಸಹಿ ಹಾಕುತ್ತೇವೆ. ಇದು ಕೂಡದು. ಯಾವ ಸಿಮೆಂಟು, ಯಾವ ತಂತಿ, ಎಷ್ಟು ಪಾಯಿಂಟು, ಯಾವ ಹಂತಕ್ಕೆ ಎಷ್ಟು ಹಣ ಎಂಬುದನ್ನು ಕನ್ನಡದಲ್ಲಿಯೂ ಒಂದು ಪ್ರತಿ ಬರೆಸಿ ಇಬ್ಬರೂ ಸಹಿ ಹಾಕಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಕೊನೆಯ ಕಂತಿನ ಒಂದು ಭಾಗವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂಬ ಮಾತನ್ನೂ ಅದರಲ್ಲಿಯೇ ಸೇರಿಸಬಹುದು. ಸರಕಾರಿ ಕಚೇರಿಗಳ ವಿಷಯದಲ್ಲಿ ನಮಗೆ ಕಾನೂನಿನ ಬಲವೂ ಇದೆ. 1969ರ ಕೇರಳ ಅಧಿಕೃತ ಭಾಷಾ ಶಾಸನವು, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದೆಡೆಗಳ ರಾಜ್ಯ ಸರಕಾರದ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಮತ್ತು ಕನ್ನಡದಲ್ಲಿಯೇ ಉತ್ತರ ಪಡೆಯಲು ಅವಕಾಶ ನೀಡಿದೆ.

ಕೊನೆಯದಾಗಿ, ಮಕ್ಕಳಿಗೂ ಒಂದು ಕೆಲಸ ಒಪ್ಪಿಸಬಹುದು. ಸಾರಣೆಯ ಹಿಂದಿನ ದಿನ ಪ್ರತಿ ಗೋಡೆಯ ಮುಂದೆ ಟೇಪು ಹಿಡಿದು ಚಿತ್ರ ತೆಗೆಯಲಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ದೂರದಲ್ಲಿ ಪೈಪು ಇದೆಯೆಂದು ನೋಟುಪುಸ್ತಕದಲ್ಲಿ ನಕ್ಷೆ ಬಿಡಿಸಿ ಕನ್ನಡದಲ್ಲಿ ಬರೆಯಲಿ. ಶಾಲೆಯಲ್ಲಿ ಕಲಿತ ಅಳತೆ, ಪ್ರಮಾಣಗಳ ಪಾಠ ಮನೆಯಲ್ಲಿ ಬಳಕೆಗೆ ಬಂದಂತಾಗುತ್ತದೆ. ಹತ್ತು ವರ್ಷಗಳ ಬಳಿಕ ಎಲ್ಲಾದರೂ ನೀರು ಜಿನುಗಿದರೆ, ಗೋಡೆಯನ್ನೆಲ್ಲ ಒಡೆಯದೆ ಸರಿಯಾದ ಜಾಗವನ್ನು ತೋರಿಸುವುದು ಆ ನೋಟುಪುಸ್ತಕವೇ. ಅದನ್ನು ಮನೆಯ ಆಧಾರಪತ್ರದ ಜೊತೆಯಲ್ಲಿಯೇ ಜೋಪಾನವಾಗಿ ಇರಿಸೋಣ.