ಕೈಯಲ್ಲೇ ಕೀ, ಕಾರಿಗೆ ಮಾತ್ರ ಕಾಣದು!

ನಂಜನಗೂಡು ತಾಲ್ಲೂಕಿನ ಹೆಡತಲೆಗೆ ಹೋದವರು ಲಕ್ಷ್ಮೀಕಾಂತ ದೇವಸ್ಥಾನದ ಹದಿನಾರು ಮುಖದ ಚಾವಡಿ ನೋಡದೆ ಬರುವುದಿಲ್ಲ. ಭೀಮಣ್ಣ ದಂಡನಾಯಕನಿಗೆ ಹದಿನಾರು ಮಂದಿ ಅಳಿಯಂದಿರಂತೆ. ಒಬ್ಬನ ಮುಖ ಇನ್ನೊಬ್ಬನಿಗೆ ಕಾಣದಂತೆ ಕೂರಲೆಂದು ಕಟ್ಟಿಸಿದ್ದಂತೆ. ಆ ಬೆರಗಿನಲ್ಲೇ ಹೊರಬಂದರೆ, ಗೆಳೆಯರ ಕಾರು ನಮ್ಮ ಮುಖ ನೋಡಲೂ ಒಪ್ಪಲಿಲ್ಲ. ಸ್ಟಾರ್ಟ್ ಬಟನ್ ಒತ್ತಿದಷ್ಟೂ ಸಲ ‘ಕೀ ಇಲ್ಲ’ ಎಂಬ ಸೂಚನೆ. ಕೀ ಅವರ ಅಂಗೈಯಲ್ಲೇ ಇತ್ತು!

ಪುಣ್ಯಕ್ಕೆ ಅವರ ತಾಯಿ ಕಾಲುನೋವೆಂದು ಕಾರಿನಲ್ಲೇ ಕೂತಿದ್ದರಿಂದ ಬಾಗಿಲು ತೆಗೆದಿತ್ತು. ಸುತ್ತ ನಾಲ್ಕಾರು ಜನ ಸೇರಿದರು. ‘ತಳ್ಳಾನ ಬನ್ನಿ ಸಾ’ ಎಂದು ಒಬ್ಬರು ತೋಳು ಮಡಿಚಿದರು. ಆಟೊಮ್ಯಾಟಿಕ್ ಗೇರಿನ ಕಾರು, ಎಷ್ಟು ತಳ್ಳಿದರೂ ಎಬ್ಬಿಸಲಾಗದು. ಆಗ ಬಂದವನು ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗ. ಕೀ ಇಸಿದುಕೊಂಡು ತಿರುಗಿಸಿ ನೋಡಿದ. ‘ಇದ್ರೊಳಗಿನ ಸೆಲ್ಲು ಹೋಗದೆ ಸಾ. ಬ್ರೇಕು ಗಟ್ಟಿಯಾಗಿ ತುಳ್ಕೊಳಿ, ಈ ಕೀನೇ ಬಟನ್‌ಗೆ ಒತ್ತಿ ಹಿಡೀರಿ.’ ಹಿಡಿದರು. ಕಾರು ಎದ್ದಿತು. ಅಷ್ಟಕ್ಕೇ ಬಿಡದೆ ಕೀಯ ಪಕ್ಕದ ಸಣ್ಣ ಗುಬಟು ಅದುಮಿ ಒಳಗಿನಿಂದ ಒಂದು ಕಬ್ಬಿಣದ ಕೀ ಎಳೆದು ತೋರಿಸಿದ. ಬಾಗಿಲು ತೆಗೆಯಲು ಇರುವ ಅದನ್ನು ಮಾಲೀಕರು ಅಂದೇ ಮೊದಲು ಕಂಡಿದ್ದು.

ಅವನು ಮಾಡಿದ್ದು ಮಂತ್ರವಲ್ಲ. ಬಟನ್ ಒತ್ತಿದೊಡನೆ ಕಾರಿನ ಆ್ಯಂಟೆನಾಗಳು ಸಾಮಾನ್ಯವಾಗಿ 125 ಕಿಲೋಹರ್ಟ್ಜ್‌ನ ಸುಮಾರಿಗೆ ಕೀಯನ್ನು ಕೂಗುತ್ತವೆ. ಕೀ ಹೆಚ್ಚಿನ ಆವರ್ತನದಲ್ಲಿ, ಅನೇಕ ಕಾರುಗಳಲ್ಲಿ 433 ಮೆಗಾಹರ್ಟ್ಜ್‌ನಲ್ಲಿ, ಗುಪ್ತ ಸಂಕೇತದ ಮೂಲಕ ಓಗೊಡಬೇಕು. ಒಂದು ಆ್ಯಂಟೆನಾ ಡ್ಯಾಶ್‌ಬೋರ್ಡಿನ ಕಡೆ, ಇನ್ನೊಂದು ಹಿಂದೆ, ಮತ್ತೊಂದು ಬಾಗಿಲಲ್ಲಿ. ಅಳಿಯಂದಿರಂತೆ ತಂತಮ್ಮ ಪಾಲಿನ ದಿಕ್ಕನ್ನಷ್ಟೇ ನೋಡಿಕೊಂಡಿರುತ್ತವೆ. ಓಗೊಡಲು ಕೀಗೆ ಬಲ ಕೊಡುವುದು ಮೂರು ವೋಲ್ಟಿನ ಬಿಲ್ಲೆ ಸೆಲ್ಲು, ಬಹುತೇಕ ಸಿಆರ್ 2032. ಅದು ಸೊರಗಿದರೆ ದನಿಯಿಲ್ಲ. ಆದರೆ ಕೀಯೊಳಗೆ ಸೆಲ್ಲೇ ಬೇಡದ ಇನ್ನೊಂದು ಚಿಪ್ ಇದೆ. ಬಟನ್ ಸುತ್ತಲಿನ ಸುರುಳಿಯಿಂದ ಅದು ವಿದ್ಯುತ್ ಪಡೆಯುತ್ತದೆ, ಅದಕ್ಕೇ ಅಂಟಿಸಿದಂತೆ ಹಿಡಿಯಬೇಕು. ಕೆಲವು ಕಾರುಗಳಲ್ಲಿ ಈ ಜಾಗ ಬಟನ್ ಬಳಿಯಲ್ಲ, ಕಪ್ ಇಡುವ ಗೂಡಿನಲ್ಲೋ ಸ್ಟೀರಿಂಗ್ ಪಕ್ಕದಲ್ಲೋ ಇರುತ್ತದೆ.

ಸೆಲ್ಲೊಂದೇ ಅಪರಾಧಿಯಲ್ಲ. ಮೊಬೈಲನ್ನು ಕೀಗೆ ಅಂಟಿಸಿಟ್ಟರೂ ಕೂಗು ಕೇಳದೆ ಹೋದೀತು. ಬ್ರೇಕ್ ಲೈಟಿನ ಸ್ವಿಚ್ ಕೆಟ್ಟರೆ ನೀವು ಬ್ರೇಕ್ ತುಳಿದದ್ದು ಕಾರಿಗೆ ಗೊತ್ತೇ ಆಗುವುದಿಲ್ಲ, ಬಟನ್ ಸುಮ್ಮನಿರುತ್ತದೆ. ಹಿಂದೆ ಒಬ್ಬರನ್ನು ನಿಲ್ಲಿಸಿ ಕೆಂಪು ದೀಪ ಹತ್ತುತ್ತದೆಯೇ ನೋಡಿಸಿದರೆ ತಿಳಿಯುತ್ತದೆ. ಸ್ಟೀರಿಂಗ್ ಲಾಕ್ ಬಿಗಿಹಿಡಿದರೂ ಅದೇ ಪಾಡು. ಬ್ಯಾಟರಿ ಇಳಿದಿದ್ದರಂತೂ ಸೆಲ್ಫ್ ಹೊಡೆಯದೆ ಬರೀ ಟಕಟಕ. ಕಾಯಿಲೆ ಹಲವು, ಹೊರಗೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ. ನನ್ನ ತಕರಾರು ಇದೇ.

ಇನ್ನೊಂದು ತಮಾಷೆ. ಹೊಸತೆಂದು ಹೆಚ್ಚು ದುಡ್ಡಿಗೆ ಮಾರುವ ಈ ಬಟನ್, ತಿರುಗಿಸುವ ಕೀಗಿಂತ ಹಳೆಯದು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂದು ಹ್ಯಾಂಡಲ್ ಸುತ್ತುವ ಕಷ್ಟ ತಪ್ಪಿಸಿತು. ಮುಂದೆ ದಶಕಗಳ ಕಾಲ ಕೀ ಇದ್ದದ್ದು ಕರೆಂಟು ಬಿಡಲು ಮಾತ್ರ. ಎಂಜಿನ್ ಎಬ್ಬಿಸಲು ಬೇರೆ ಗುಂಡಿ, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಾದರೆ ಕಾಲಲ್ಲಿ ಒತ್ತುವ ಸ್ವಿಚ್ಚು. ಕೀ ತಿರುಗಿಸಿದರೇ ಎಂಜಿನ್ ಏಳುವ ಅನುಕೂಲವನ್ನು ಕ್ರೈಸ್ಲರ್ ತಂದದ್ದು 1949ರಲ್ಲಿ. 1990ರ ದಶಕದ ಕೊನೆಗೆ ಮರ್ಸಿಡಿಸ್ ಕೀಯನ್ನು ಜೇಬಿನಲ್ಲೇ ಉಳಿಸಿತು. 2010ರಲ್ಲಿ ನಿಸಾನ್ ಮೈಕ್ರಾ ನಮ್ಮಲ್ಲಿ ಸಣ್ಣ ಕಾರಿಗೂ ಆ ಬಟನ್ ಕೊಟ್ಟಿತು. ಅಂದರೆ ಅಜ್ಜನ ಗುಂಡಿಯೇ ಮೊಮ್ಮಗನ ಕಾಲಕ್ಕೆ ದುಬಾರಿಯಾಗಿ ಮರಳಿತು.

ಕಾರು ಏಳದಿದ್ದರೆ ಹೊತ್ತು ಹಾಳು, ಅಷ್ಟೆ. ಆರದಿದ್ದರೆ? 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಲುಹಾಸಿಗೆ ಆ್ಯಕ್ಸಿಲರೇಟರ್ ಸಿಕ್ಕಿ ಲೆಕ್ಸಸ್ ಕಾರೊಂದು ಹತೋಟಿ ತಪ್ಪಿ ನಾಲ್ವರು ಸತ್ತರು. ಓಡುತ್ತಿರುವಾಗ ಅದರ ಎಂಜಿನ್ ಆರಿಸಲು ಬಟನ್ನನ್ನು ಮೂರು ಸೆಕೆಂಡ್ ಅದುಮಿ ಹಿಡಿಯಬೇಕಿತ್ತು. ಆ ಗಾಬರಿಯಲ್ಲಿ ಮೂರು ಸೆಕೆಂಡ್ ಯಾರಿಗೆ ನೆನಪಿರುತ್ತದೆ? ಕಳ್ಳರ ಕತೆಯೂ ಇದೆ. ಕೀ ಮತ್ತು ಕಾರಿನ ನಡುವಿನ ಸಂಕೇತವನ್ನು ದೂರದಿಂದ ದಾಟಿಸಿ ಕಾರನ್ನು ಎಬ್ಬಿಸಬಹುದೆಂದು ಜ್ಯೂರಿಕ್‌ನ ಸಂಶೋಧಕರು 2011ರಲ್ಲಿ ಹತ್ತು ಮಾದರಿಯ ಕಾರುಗಳಲ್ಲಿ ತೋರಿಸಿದರು. ಹತ್ತೂ ಸೋತವು.

ಹೊಸ ಕಾರು ತರುವವರಲ್ಲಿ ಒಂದು ಕೋರಿಕೆ. ಶೋರೂಮಿನಲ್ಲಿ ಪೂಜೆ, ನಿಂಬೆಹಣ್ಣು, ಫೋಟೊ ಎಲ್ಲ ಮುಗಿಯಲಿ. ಆಮೇಲೆ ಕೀಯ ಸೆಲ್ಲು ತೆಗೆಸಿ, ಸೆಲ್ಲಿಲ್ಲದೆ ಬಾಗಿಲು ತೆಗೆದು ಕಾರು ಸ್ಟಾರ್ಟ್ ಮಾಡಿ ತೋರಿಸಿ ಎಂದು ಕೇಳಿ. ಓಡುವಾಗ ಎಂಜಿನ್ ಆರಿಸುವುದು ಹೇಗೆಂದೂ ಹೇಳಿಸಿಕೊಳ್ಳಿ. ಅಲ್ಲಿಯತನಕ ಗೇಟು ದಾಟಬೇಡಿ.